ಹುಳುಮನೆಯ ಹೀಟರು

ಕಂಪ್ಯೂಟರಿನ ಪರದೆಯ ಮೇಲೆ ರೇಷ್ಮೆ ಹುಳುಮನೆಯ ಹೀಟರಿನ ಗೆರೆ ಕೆಂಪಾಗಿತ್ತು. ಫ್ರಿಜ್ಜು, ಗ್ರೈಂಡರು, ನೀರಿನ ಮೋಟರು, ಉಳಿದೆಲ್ಲವೂ ಹಸಿರು. ಪವಿತ್ರ ಕಾಫಿ ಲೋಟ ಕೆಳಗಿಟ್ಟು, ಬೆಳಿಗ್ಗೆಯೇ ಕೋಲಾರಕ್ಕೆ ಹೋಗಿದ್ದ ಗಂಡ ಶ್ರೀಧರನಿಗೆ ಫೋನ್ ಮಾಡಿದಳು. ಮನೆಯ ಒಂದೊಂದು ಸಾಮಾನಿನ ಕರೆಂಟೂ ಕಾಣುವ ಹಾಗೆ ಅದನ್ನು ಜೋಡಿಸಿಟ್ಟವನು ಅವನೇ.

"ಕೆಂಪಾ? ಸರಿಯಾಗಿ ನೋಡು. ಕೆಳಗೆ ಏನು ಬರೆದಿದೆ?"

"ಲೀಕೇಜ್ ಅಂತ."

"ಹೀಟರ್ ಮೈಗೆಲ್ಲ ಕರೆಂಟ್ ಬಂದಿದೆ ಕಣೇ. ಅಮ್ಮ ಎಲ್ಲಿ?"

"ಹುಳಕ್ಕೆ ಸೊಪ್ಪು ಹಾಕೋಕೆ ಈಗ ತಾನೇ ಹೋದ್ರು."

"ಓಡು! ಹುಳುಮನೆ ಬಾಗಿಲ ಒಳಪಕ್ಕದಲ್ಲೇ ಮೇನ್ ಇದೆ, ಇಳಿಸು. ಚಪ್ಪಲಿ ಮಾತ್ರ ಬಿಚ್ಬೇಡ!"

ಚಪ್ಪಲಿ! ರೇಷ್ಮೆ ಹುಳುಮನೆಯ ಹೊಸ್ತಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ ಗೋಣಿತಾಟು ಹಾಸಿರುತ್ತದೆ. ಹುಳಕ್ಕೆ ರೋಗ ತಗಲದಿರಲೆಂದು ಯಾರೇ ಆಗಲಿ ಬರಿಗಾಲಲ್ಲಿ ಅದನ್ನು ತುಳಿದೇ ಒಳಗೆ ಹೋಗಬೇಕು. ಅತ್ತೆ ವೆಂಕಟರತ್ನಮ್ಮ ಎರಡೆರಡು ಸಲ ತುಳಿಯುವವರು. ಆಮೇಲೆ ಆ ಒದ್ದೆ ಪಾದದಲ್ಲೇ ನಿಂತು, ಹುಳುವಿನ ತಟ್ಟೆಗಳ ಬಳಿ ಹೋಗಲು ದಾರಿಯಾಗಲೆಂದು ಹೀಟರನ್ನು ಪಕ್ಕಕ್ಕೆ ಎಳೆದಿಡುವವರೂ ಅವರೇ.

ಪವಿತ್ರ ಹಿತ್ತಲು ದಾಟಿ ಓಡಿದಳು. "ಅತ್ತಮ್ಮಾ, ಮುಟ್ಬೇಡಿ!" ಎಂದು ಕೂಗಿದ್ದು ಮುಚ್ಚಿದ ಬಾಗಿಲ ಆಚೆಗೆ ಕೇಳಿಸಲಿಲ್ಲ. ಬಾಗಿಲು ತಳ್ಳಿದಾಗ ವೆಂಕಟರತ್ನಮ್ಮ ಸೊಪ್ಪಿನ ಬುಟ್ಟಿ ಕೆಳಗಿಟ್ಟು, ಸೀರೆ ಎತ್ತಿಕಟ್ಟಿ, ಹೀಟರಿನ ಕಬ್ಬಿಣದ ಸ್ಟ್ಯಾಂಡಿನ ಕಡೆ ಬಗ್ಗುತ್ತಿದ್ದರು. ಪವಿತ್ರ ಮೇನ್ ಸ್ವಿಚ್ಚನ್ನು ಕೆಳಕ್ಕೆ ಎಳೆದಳು. ಬಲ್ಬು ಆರಿತು. ಒಂದು ಗಳಿಗೆ ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ.

"ಅಯ್ಯೋ, ಚಪ್ಪಲಿ ಹಾಕ್ಕೊಂಡು ಬಂದ್ಯಲ್ಲೇ! ಇದೇನು ಸಂತೆ ಮೈದಾನ ಅಂದ್ಕೊಂಡ್ಯಾ?"

ಆ ಬೈಗುಳ ಕಿವಿಗೆ ಬಿದ್ದದ್ದೇ ಪವಿತ್ರ ಅಲ್ಲೇ ನೆಲದ ಮೇಲೆ ಕೂತಳು. ನಡೆದದ್ದನ್ನು ಹೇಳಿ ಮುಗಿಸುವಷ್ಟರಲ್ಲಿ ಮೂರು ಸಲ ತಡವರಿಸಿದಳು.

ವೆಂಕಟರತ್ನಮ್ಮ ಬೈಯುವುದನ್ನು ನಿಲ್ಲಿಸಿ ಸೊಸೆಯ ಪಕ್ಕದಲ್ಲಿ ಕೂತರು. ಸೆರಗಿನಿಂದ ಅವಳ ಮುಖ ಒರೆಸಿದರು. ಆಮೇಲೆ ತಮ್ಮ ಬಲಗೈ ಬೆರಳುಗಳನ್ನು ಬಿಡಿಸಿ ನೋಡಿಕೊಂಡರು.

"ಮೂರು ದಿನದಿಂದ ಅದನ್ನ ಮುಟ್ಟಿದಾಗೆಲ್ಲ ಕೈ ಸಣ್ಣಗೆ ಜುಮ್ ಅಂತಿತ್ತು ಕಣೇ," ಎಂದರು ಮೆಲ್ಲಗೆ. "ವಯಸ್ಸಾಯ್ತಲ್ಲ, ನರ ಹಿಡ್ಕೊಂಡಿದೆ ಅಂದ್ಕೊಂಡೆ. ನಿಂಗೆ ಹೇಳಿದ್ರೆ ಈ ಕೆಲಸಾನೂ ನೀನೇ ಮೈಮೇಲೆ ಹಾಕ್ಕೋತೀಯ ಅಂತ ಸುಮ್ನಿದ್ದೆ. ಇವತ್ತು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿಯೋಣ ಅಂತಿದ್ದೆ."