ಹಿಂದುಮುಂದಾದ ಮದುವೆ

ಟಿವಿಗೆ ಜೋಡಿಸುವ ಪ್ಲೇಯರಿಗೆ ಮೂರು ಸಾವಿರ, ಪೆನ್‌ಡ್ರೈವಿಗೆ ಆರುನೂರು, ಗೀರು ಬಿದ್ದಿದ್ದ ಮದುವೆ ವಿಡಿಯೋದ ಡಿಸ್ಕನ್ನು ನಾಲ್ಕು ಫೈಲುಗಳಾಗಿ ಇಳಿಸಿಕೊಟ್ಟ ಅಂಗಡಿಯವನಿಗೆ ಇನ್ನೂರು. ಇಷ್ಟಾದರೂ ಗಂಡನಿಗೆ ಖರ್ಚು ಹೆಚ್ಚೆನಿಸಲಿಲ್ಲ. ಮದುವೆಯಾದ ವರ್ಷವೇ ಹೆಂಡತಿಯ ತಾಯಿ ತೀರಿಕೊಂಡಿದ್ದರು. ಅವರು ನಗುತ್ತಾ ಓಡಾಡುವುದನ್ನು ನೋಡಬೇಕೆಂದರೆ ಇರುವುದು ಆ ವಿಡಿಯೋ ಒಂದೇ.

ಭಾನುವಾರ ಹೆಂಡತಿಯ ತಮ್ಮನನ್ನೂ ಊಟಕ್ಕೆ ಕರೆದು, ಅಕ್ಕ ತಮ್ಮ ಇಬ್ಬರನ್ನೂ ಟಿವಿಯ ಮುಂದೆ ಕೂರಿಸಿ, ಗಂಡ ರಿಮೋಟ್ ಒತ್ತಿದ. ಮೊದಲಿಗೇ ಹೆಣ್ಣನ್ನು ಕಳಿಸಿಕೊಡುವ ದೃಶ್ಯ ಬಂತು. ತಾಯಿ ಮಗಳು ತಬ್ಬಿಕೊಂಡು ಅಳುತ್ತಿದ್ದರು. ಅದು ಮುಗಿದ ಮೇಲೆ ಊಟದ ಪಂಕ್ತಿ, ಆಮೇಲೆ ತಾಳಿ.

"ಏನ್ ಭಾವ, ತಾಳಿ ಕಟ್ಟೋಕೆ ಮುಂಚೇನೇ ಅಕ್ಕನ್ನ ಕರ್ಕೊಂಡ್ ಹೋಗಿದ್ರಾ?" ಎಂದ ತಮ್ಮ.

"ಈ ಪ್ಲೇಯರ್ ಕೊನೇಲಿ ಹಾಕಿದ್ದನ್ನ ಮೊದ್ಲು ತೋರ್ಸತ್ತೆ ಕಣೋ. ಫೈಲ್‌ಗೆ ಒಂದು, ಎರಡು ಅಂತ ನಂಬರ್ ಕೊಟ್ರೆ ಸರಿಹೋಗತ್ತೆ," ಎಂದು ಗಂಡ ಮುಖ ಸಣ್ಣದು ಮಾಡಿಕೊಂಡ.

ಉಳಿದಿದ್ದ ಒಂದು ಫೈಲು ಬಂತು. ಮದುವೆಯ ಹಿಂದಿನ ದಿನ, ತವರಿನ ಹಜಾರ. ತಾಯಿ ಮಗಳ ತಲೆಗೆ ಎಣ್ಣೆ ಹಚ್ಚುತ್ತಾ, ಏನೋ ಹೇಳಿ ನಗಿಸುತ್ತಿದ್ದರು. ಅಲ್ಲಿಗೆ ವಿಡಿಯೋ ಮುಗಿಯಿತು.

ಗಂಡ ಪೆನ್‌ಡ್ರೈವ್ ಕೀಳಲು ಎದ್ದ. "ಐದೇ ನಿಮಿಷ, ಸರಿ ಮಾಡ್ಬಿಡ್ತೀನಿ."

ಹೆಂಡತಿ ಅವನ ಕೈ ಹಿಡಿದಳು. "ಬೇಡ ರೀ, ಹೀಗೇ ಇರ್ಲಿ. ಇದ್ರಲ್ಲಿ ನಾನು ಕೊನೆಗೆ ವಾಪಸ್ ಅಮ್ಮನ ಹತ್ರ ಬರ್ತೀನಿ."