ಬೆನ್ನ ಹಿಂದಿನ ಗೂಡು

“ಇಲ್ಲಿಗೆ ಬಾ ಅಂತ ನಿನಗೆ ಯಾರು ಹೇಳಿದ್ರು? ಮೊದಲು ಊರಿಗೆ ಹೊರಡು,” ಎಂದು ಕಲಾ ನಿರ್ದೇಶಕ ತಾಯಿಯ ಮೇಲೆ ರೇಗಿದ.

“ಯುಗಾದಿಗೂ ಬರಲಿಲ್ಲ ನೀನು. ಮುಖ ನೋಡ್ಕೊಂಡು ಹೋಗ್ತೀನಿ ಕಣೋ, ತಿಂದುಬಿಡಲ್ಲ.”

ಅವರ ಹಿಂದೆ, ಸಿನಿಮಾಕ್ಕೆಂದು ಅವನೇ ಕಟ್ಟಿಸಿದ ಬಡವರ ಮನೆಯ ಸೆಟ್ ನಿಂತಿತ್ತು. ಅದನ್ನು ಹೊಗಳುತ್ತಲೇ ನಿರ್ದೇಶಕರು ಬಂದರು. “ಇಂಥ ಮನೇನ ಎಲ್ಲಿ ನೋಡಿದ್ರಿ?”

“ಎಲ್ಲಾ ಕಲ್ಪನೆ ಸರ್.”

“ಈಯಮ್ಮ ಯಾರು?”

ದೊಡ್ಡ ಮನೆತನದವನೆಂದು ಸ್ಟುಡಿಯೋದಲ್ಲೆಲ್ಲ ಹೇಳಿಕೊಂಡಿದ್ದ ಅವನು ತಾಯಿಯ ತೇಪೆ ಹಾಕಿದ ಸೀರೆ ನೋಡಿದ.

“ಸಣ್ಣ ಪಾತ್ರಕ್ಕೆ ಬಂದಿರೋ ಎಕ್ಸ್‌ಟ್ರಾ ಸರ್.”

“ಸರಿಯಾಗಿದ್ದಾಳೆ. ಒಲೆ ಮುಂದೆ ಕೂರಿಸಿ.”

ತಾಯಿ ಹೋಗಿ ಕೂತಳು. ನಿರ್ದೇಶಕರು ಒಲೆ ಹಚ್ಚು ಎಂದಾಗ, ತಿರುಗಿ ನೋಡದೆಯೇ ಬೆನ್ನ ಹಿಂದಿನ ಗೋಡೆಯ ಗೂಡಿಗೆ ಕೈಹಾಕಿ ಬೆಂಕಿಪೆಟ್ಟಿಗೆ ತೆಗೆದಳು.

ನಿರ್ದೇಶಕರು ಬೆರಗಾದರು. “ಅಲ್ಲಿ ಗೂಡಿದೆ ಅಂತ ನಿನಗೆ ಹೇಗೆ ಗೊತ್ತಾಯ್ತಮ್ಮ?”

“ನಮ್ಮನೇಲೂ ಅಲ್ಲೇ ಇದೆ ಸ್ವಾಮಿ. ಕೂತಲ್ಲೇ ನನ್ನ ಕೈಗೆ ಸಿಗಲಿ ಅಂತ ಮಗ ಕೊರೆದಿದ್ದು.”

“ಮಗ ಏನು ಮಾಡ್ತಾನೆ?”

ಕಲಾ ನಿರ್ದೇಶಕ ತಲೆ ತಗ್ಗಿಸಿದ.

“ಅವನು ತೀರ್ಕೊಂಡ ಸ್ವಾಮಿ,” ಎಂದಳು ತಾಯಿ. ಬೆಂಕಿಪೆಟ್ಟಿಗೆಯನ್ನು ಗೂಡಿನಲ್ಲಿಟ್ಟು ಎದ್ದು ಹೋದವಳು ಮತ್ತೆ ಬರಲಿಲ್ಲ.