ಮೂರು ಸಲ ಗ್ಯಾಸ್ಕೆಟ್ ಹೋಗಿದ್ದು ಯಾರ ತಪ್ಪಿನಿಂದ?

ಥೂ... ಎಂಥ ಹೇಸಿಗೆ ಅಂತೀರಿ!

ಎಂಜಿನ್ ಆಯಿಲ್‌ಗೆ ರೇಡಿಯೇಟರ್ ನೀರು ಸೇರಿ ಹಳಸಿದ ಪಾಯಸದಂತಾಗಿತ್ತು... ಮೇಲೆ ಸುಟ್ಟ ನಾತ ಬೇರೆ.

ಗದಗಿನ ವಿರೂಪಾಕ್ಷಿ ಮೂಗು ಮುಚ್ಚಿಕೊಂಡೇ ಆ ಎಂಜಿನ್ ಬ್ಲಾಕ್ ನೋಡಿದರು. ಬ್ಲಾಕಿನ ಮೇಲ್ಮೈಯನ್ನು ಮಷಿನ್‌ಗೆ ಹಾಕಿ ಸಮ ಮಾಡಿಕೊಡುವುದು ಅವರ ಇಪ್ಪತ್ತಾರು ವರ್ಷದ ಕಸುಬು.

ಬ್ಲಾಕ್ ತಂದವನು ಗ್ಯಾರೇಜ್ ಮೆಕ್ಯಾನಿಕ್ ಖಾಜಾಹುಸೇನ್. ಜೊತೆಗೆ ಹಾಲಿನ ವ್ಯಾನಿನ ಮಾಲಕಿ ಶಿವಲೀಲಾ... ಕೆಂಡಾಮಂಡಲ ಸಿಟ್ಟಿನಲ್ಲಿ!

ಇರದೆ ಏನು? ಬ್ಲಾಕಿಗೂ ಅದರ ಮೇಲಿನ ಮುಚ್ಚಳಕ್ಕೂ ನಡುವೆ ಕೂತು, ನೀರು-ಆಯಿಲ್ ಬೆರೆಯದಂತೆ ತಡೆಯುವ ತೆಳು ಹಾಳೆ ಹೆಡ್ ಗ್ಯಾಸ್ಕೆಟ್... ನಾಲ್ಕು ತಿಂಗಳಲ್ಲಿ ಮೂರು ಸಲ ಹೋಗಿತ್ತು. ಮೂರು ಸಲವೂ ವ್ಯಾನು ನಡುದಾರಿಯಲ್ಲಿ ನಿಂತು, ಕ್ಯಾನ್‌ಗಟ್ಟಲೆ ಹಾಲು ಒಡೆದಿತ್ತು.

ವಿರೂಪಾಕ್ಷಿ ಬ್ಲಾಕಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು ಹಿಂದಿನಿಂದ ಟಾರ್ಚ್ ಹಿಡಿದರು. ಸಮ ಇದ್ದರೆ ಬೆಳಕು ತೂರಬಾರದು... ಇಲ್ಲಿ ನಡುವೆ ಬೆಳಕೋ ಬೆಳಕು!

"ನೋಡ್ರಿ ಅಕ್ಕಾರ... ಮಷಿನ್ ಗೆರಿ ಒಂದರೆ ಐತೇನು? ಎಮರಿ ಪೇಪರ್ ಹಚ್ಚಿ ಕೈಲೆ ತಿಕ್ಕ್ಯಾನ! ಇದೇನ್ ಪಾತ್ರಿ ಬೆಳಗೋದೇನು? ಮ್ಯಾಲ ಗೋಂದು ಬ್ಯಾರೆ ಮೆತ್ತ್ಯಾನ. ಛೀ... ಮುಟ್ಟಾಕ ಅಸಹ್ಯ ಆಗ್ತೈತಿ."

ಖಾಜಾ ಮೆಲ್ಲಗೆ ಬಾಯಿ ತೆರೆದ. "ಅಣ್ಣಾರ, ಗೋಂದು ನಾನ ಹಚ್ಚೀನ್ರಿ, ಖರೆ. ಆದ್ರ ಇದನ್ನ ದಸರಾಕ್ಕ ಇಲ್ಲೇ..."

"ಬಾಯಿ ಮುಚ್ಚಲೇ! ನನ್ನ ಮಷಿನ್ ಕೆಲಸ ಹಿಂಗಿರ್ತೈತೇನು? ನಿನ್ನ ಹೊಲಸು ನನ್ನ ಮೈಗೆ ಒರಸಬ್ಯಾಡ!"

ಖಾಜಾ ತಲೆ ತಗ್ಗಿಸಿದ.

ಶಿವಲೀಲಾ ಫೋನ್ ತೆಗೆದರು. "ಹಾಲಿನ ಗಾಡಿ ಡ್ರೈವರ್‌ಗಳ ಗ್ರೂಪಿಗೆ ಈಗ ಹಾಕ್ತೀನಿ. ಈ ಮನಷ್ಯಾನ ಗ್ಯಾರೇಜಿಗೆ ಒಂದ್ ಗಾಡಿನೂ ಹೋಗಬಾರ್ದು!"

ಆ ಗಾಡಿಗಳೇ ಖಾಜಾನ ಅನ್ನ... ಅವು ಹೋದರೆ ಗ್ಯಾರೇಜಿಗೆ ಬೀಗವೇ.

ಅಷ್ಟರಲ್ಲಿ ವಿರೂಪಾಕ್ಷಿ ಬ್ಲಾಕಿನ ಅಂಚಿಗೆ ಮೆತ್ತಿದ್ದ ಜಿಡ್ಡನ್ನು ಬಟ್ಟೆಯಿಂದ ಒರೆಸಿದರು.

ಕೆಳಗೆ ಪಂಚ್ ಹೊಡೆದ ಗುರುತು... "ವಿ". ಪಕ್ಕದಲ್ಲಿ ತಾರೀಕು.

ಅದು ಅವರದೇ ಗುರುತು! ತಮ್ಮ ಮಷಿನ್‌ನಿಂದ ಇಳಿದ ಬ್ಲಾಕಿಗೆ ಮಾತ್ರ ಅವರು ಹೊಡೆಯುವ ಗುರುತು.

ತಾರೀಕು ನೋಡಿದ್ದೇ ಎಲ್ಲ ನೆನಪಾಯಿತು. ಆಯುಧ ಪೂಜೆಯ ಹಿಂದಿನ ದಿನ. ಮಷಿನ್ ತೊಳೆದು, ವಿಭೂತಿ ಪಟ್ಟೆ ಬಳಿದು, ಹೂವು ಏರಿಸಿ ಆಗಿತ್ತು... ಪೂಜೆಗೆ ಕುಳಿತ ಮಷಿನ್ ಮತ್ತೆ ಓಡಿಸುವಂತಿಲ್ಲ. ನಾಡಿದ್ದು ಬಾ ಅಂದಿದ್ದರೆ ಮುಗಿದಿತ್ತು!

ಅನ್ನಲಿಲ್ಲ. ಎಮರಿ ಪೇಪರ್ ತೊಗೊಂಡು ಕೈಯಲ್ಲೇ ತಿಕ್ಕಿ ಫಳಫಳ ಹೊಳೆಸಿದ್ದರು... ಮೇಲೆ ಗುರುತನ್ನೂ ಹೊಡೆದಿದ್ದರು.

ಈಗ ಹೆಬ್ಬೆರಳು ತಾನಾಗಿಯೇ ಆ "ವಿ" ಮೇಲೆ ಹೋಗಿ ಕುಳಿತಿತ್ತು. ಅರದಿಂದ ಎರಡು ಸಲ ಉಜ್ಜಿದರೆ ಸಾಕು... ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇದುವರೆಗೆ ಎಂಜಿನ್ ಮೇಲಿದ್ದ ಹೇಸಿಗೆ ಈಗ ಆ ಹೆಬ್ಬೆರಳಿನ ಮೇಲೆ ಬಂತು.

"ಲೇ ಖಾಜಾ... ಮೂರು ಸಲ ಬಿಚ್ಚೀಯಲ್ಲ, ಒಮ್ಮ್ಯಾರ ಪಟ್ಟಿ ಇಟ್ಟು ನೋಡಬಾರ್ದಾಗಿತ್ತೇನೋ?" ವಿರೂಪಾಕ್ಷಿ ಕೇಳಿದರು.

"ನಿಮ್ಮ ಗುರುತು ಇದ್ದದ್ದಕ್ಕ ಯಾರ್ ಪಟ್ಟಿ ಇಡ್ತಾರ್ರಿ ಅಣ್ಣಾರ?"

ಇದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು!

ವಿರೂಪಾಕ್ಷಿ ಹೆಬ್ಬೆರಳು ತೆಗೆದರು. ಶಿವಲೀಲಾ ಕಡೆ ಕೈ ಚಾಚಿದರು. "ಅಕ್ಕಾರ, ಆ ಫೋನ್ ಇಲ್ಲಿ ಕೊಡ್ರಿ."

"ಯಾಕ್ರಿ?"

"ಗ್ರೂಪಿಗೆ ನಾನ ಮಾತಾಡ್ತೀನಿ."

ಮೈಕ್ ಒತ್ತಿ ಹಿಡಿದು ಹೇಳಿದರು... "ನಾನು ಲೇತ್ ವಿರೂಪಾಕ್ಷಿ. ಶಿವಲೀಲಕ್ಕನ ಗಾಡಿ ಮೂರು ಸಲ ಕೆಟ್ಟದ್ದು ನನ್ನ ಹೊಲಸು ಕೆಲಸದಿಂದ. ಮಷಿನ್‌ಗೆ ಹಾಕಲಾರದ, ಹಾಕೀನಿ ಅಂತ ಗುರುತು ಹೊಡದೆ. ಖಾಜಾಂದು ಏನೂ ತಪ್ಪಿಲ್ಲ. ಬೈಯೋದಿದ್ರ ನನಗ ಬೈರಿ."

ಮೆಸೇಜ್ ಹೋಯಿತು.

ತಿರುಗಿ ನೋಡಿದರೆ ಖಾಜಾ ನೆಲಕ್ಕೆ ಕುಕ್ಕರಗಾಲಲ್ಲಿ ಕುಳಿತು, ಆಯಿಲ್ ಕೈಗಳನ್ನು ಮುಂದೆ ಚಾಚಿ ಗಳಗಳ ಅಳುತ್ತಿದ್ದ.

"ಮೂರು ಸಲಾನೂ ಈ ಕೈಗೇ ಬೈಕೊಂಡೀನ್ರಿ ಅಣ್ಣಾರ... ಕೈಯಾಗಿನ ಕಸುಬು ಹೋತು ಅಂದ್ಕೊಂಡಿದ್ದೆ. ನಿನ್ನೆ ಮನ್ಯಾಗ ಹೇಳೀನಿ, ಗ್ಯಾರೇಜ್ ಮುಚ್ಚಿಬಿಡ್ತೀನಿ ಅಂತ..."

ಇನ್ನೊಬ್ಬರ ಕೆಲಸಕ್ಕೆ ಥೂ ಅನ್ನುವ ಮೊದಲು, ಅದರಲ್ಲಿ ನಮ್ಮ ಕೈ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ನೀವು ಅರೆಬರೆ ಮಾಡಿ ದಾಟಿಸಿದ ಕೆಲಸಕ್ಕೆ, ಇವತ್ತು ಯಾರಾದರೂ ತಮ್ಮನ್ನೇ ತಾವು ಬೈದುಕೊಳ್ಳುತ್ತಿರಬಹುದಾ?